ವಿತರಣಾ ಪಟ್ಟಿಗೆ ನಾನು ಸೇರಿಸಿದ ಎರಡು ಕಾಲಂ

ಪುಣೆಯ ಸದಾಶಿವ ಪೇಠೆಯಲ್ಲಿರುವ ಒಂದು ಸಣ್ಣ ಪರಿಹಾರ ಟ್ರಸ್ಟಿನಲ್ಲಿ ನಾನು ಒಂಬತ್ತು ವರ್ಷಗಳಿಂದ ವಿತರಣೆ ಮತ್ತು ವರದಿಯ ಕೆಲಸ ನೋಡಿಕೊಳ್ಳುತ್ತಿದ್ದೇನೆ. ಸಾಂಗ್ಲಿ, ಕೊಲ್ಹಾಪುರದ ಕಡೆ ಹೊಳೆ ಉಕ್ಕಿದಾಗ ಧಾನ್ಯದ ಕಿಟ್ ಕಳುಹಿಸುವುದೇ ನಮ್ಮ ಮುಖ್ಯ ಕೆಲಸ. ಮುಂಡಗೋಡದ ಟಿಬೆಟನ್ ವಿಹಾರಗಳ ಕೆಲಸ ನನ್ನ ಮೇಜಿಗೆ ಬಂದದ್ದು ನಾನು ಹುಬ್ಬಳ್ಳಿಯವಳು ಎಂಬ ಒಂದೇ ಕಾರಣಕ್ಕೆ. ಲಾಮಾಗಳ ಜೊತೆ ಯಾವ ಭಾಷೆಯಲ್ಲಿ ಮಾತನಾಡಬೇಕೆಂಬ ಚಿಂತೆ ಆಫೀಸಿನಲ್ಲಿ ಎಲ್ಲರಿಗೂ ಇತ್ತು, ನನಗೆ ಇರಲಿಲ್ಲ. ಚಳಿಗಾಲದಲ್ಲಿ ಪುಣೆಗೆ ಬಂದು ಸ್ವೆಟರ್ ಮಾರುವ ಟಿಬೆಟನ್ನರಲ್ಲಿ ಕೆಲವರು ನನ್ನ ಮಾತಿನ ಧಾಟಿ ಹಿಡಿದು 'ಹುಬ್ಬಳ್ಳಿ ಏನ್ರೀ ನೀವು?' ಎಂದು ಕೇಳಿದ್ದನ್ನು ನಾನು ಎಷ್ಟೋ ಸಲ ಅನುಭವಿಸಿದ್ದೆ.

ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. 1959ರ ಮಾರ್ಚಿನಲ್ಲಿ ಲ್ಹಾಸಾದ ದಂಗೆಯನ್ನು ಚೀನೀ ಸೇನೆ ಹತ್ತಿಕ್ಕಿದ ಮೇಲೆ ದಲೈ ಲಾಮಾ ಅವರ ಹಿಂದೆಯೇ ಸಾವಿರಾರು ಜನ ಗಡಿ ದಾಟಿ ಬಂದರು. ಅವರಲ್ಲಿ ಸುಮಾರು ಒಂದೂವರೆ ಸಾವಿರ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರು ಬಂದೀಖಾನೆಯಾಗಿ ಬಳಸುತ್ತಿದ್ದ ಹಳೆಯ ಕೋಟೆಯಲ್ಲಿ ಇರಿಸಲಾಯಿತು. ಅಲ್ಲಿಯ ಸೆಕೆ, ಇಕ್ಕಟ್ಟುಗಳಲ್ಲಿ ಕ್ಷಯ ಹಬ್ಬಿ ಬಹಳ ಮಂದಿ ತೀರಿಕೊಂಡರು. ಬೈಲಕುಪ್ಪೆಯ ನಂತರ 1966ರಲ್ಲಿ ಮುಂಡಗೋಡದಲ್ಲಿ ವಸತಿ ಆರಂಭವಾಯಿತು, 1969ರ ಹೊತ್ತಿಗೆ ಗಾಂದೆನ್ ಮತ್ತು ಡ್ರೆಪುಂಗ್ ವಿಹಾರಗಳ ಭಿಕ್ಷುಗಳು ಅಲ್ಲಿಗೆ ಬಂದರು. ಅವರು ನೆಲೆಸಿದ ಜಾಗಕ್ಕೆ ಇಂದಿಗೂ ಒಂದನೇ ಲಾಮಾ ಕ್ಯಾಂಪ್, ಎರಡನೇ ಲಾಮಾ ಕ್ಯಾಂಪ್ ಎಂದೇ ಹೆಸರು.

ನಮ್ಮ ಕೆಲಸ ಅಂಥ ದೊಡ್ಡದೇನಲ್ಲ. ಪುಣೆಯ ಒಂದು ಕಂಪನಿ ಸಮಾಜದ ಕೆಲಸಕ್ಕೆಂದು ತೆಗೆದಿಟ್ಟ ಸಿಎಸ್‌ಆರ್ ಹಣದಲ್ಲಿ 240 ಸೋಲಾಪುರಿ ಚಾದರ, ಅಷ್ಟೇ ಹಾಸಿಗೆ, ನಾಲ್ಕು ನೀರಿನ ಫಿಲ್ಟರ್ ಮತ್ತು ಕಫ ತಪಾಸಣೆಯ ಒಂದು ಶಿಬಿರ. ಸಿಎಸ್‌ಆರ್ ಹಣ ಪೂಜೆಗೆ, ಮಂದಿರದ ಬಣ್ಣಕ್ಕೆ ಸಲ್ಲುವುದಿಲ್ಲ. ಆರೋಗ್ಯ, ಕುಡಿಯುವ ನೀರು, ಬಡತನ ನಿವಾರಣೆ ಎಂಬ ಬಾಬುಗಳಲ್ಲೇ ತೋರಿಸಬೇಕು. ಸಾಮಾನಿನ ಬೆಲೆ ಐವತ್ತು ಸಾವಿರ ದಾಟಿದ್ದರಿಂದ ಇ-ವೇ ಬಿಲ್ ಮಾಡಿಸಿ, ಟೆಂಪೋ ತುಂಬಿಸಿ, ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿ, ತಡಸದ ಮೇಲೆ ಕಳುಹಿಸಿದೆವು. ಅಲ್ಲಿ ಇಳಿಸಿಕೊಂಡವರು ವಿಹಾರದ ಞೆರ್ಪಾ, ಅಂದರೆ ನಮ್ಮ ಮಠಗಳ ಉಗ್ರಾಣದ ಹೊಣೆ ಹೊತ್ತವರಂತೆ ದಾಸ್ತಾನು ನೋಡಿಕೊಳ್ಳುವ ಭಿಕ್ಷು. ಮುಂಡಗೋಡದಲ್ಲೇ ಹುಟ್ಟಿ ಬೆಳೆದ ಅವರು ನನ್ನನ್ನು 'ಅಕ್ಕಾರ' ಎಂದು ಕರೆಯುತ್ತಿದ್ದರು, ಚಾದರಗಳನ್ನು ಎರಡು ಸಲ ಎಣಿಸಿದರು, ಹರಿದಿದ್ದ ಮೂರನ್ನು ಬದಿಗಿಟ್ಟು ಚಲನ್ನಿನ ಮೇಲೆ ಬರೆದೇ ಸಹಿ ಹಾಕಿದರು. ಇಷ್ಟು ಶುದ್ಧವಾದ ಚಲನ್ ನಾನು ಸರಕಾರಿ ಗೋದಾಮಿನಲ್ಲೂ ಕಂಡಿಲ್ಲ.

ತೊಂದರೆ ಶುರುವಾದದ್ದು ಪುಣೆಯಲ್ಲಿ, ಪಟ್ಟಿಯನ್ನು ಆಡಿಟರ್ ಸಾಹೇಬರ ಮುಂದೆ ಇಟ್ಟಾಗ. ನಮ್ಮ ವಿತರಣಾ ಪಟ್ಟಿಯ ನಮೂನೆ ಮಹಾರಾಷ್ಟ್ರದ ಹಳ್ಳಿಗಳಿಗಾಗಿ ಮಾಡಿದ್ದು. ಮರಾಠಿ ಪದ್ಧತಿಯಲ್ಲಿ ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಮೂರೂ ಸೇರಿದರೆ ಒಬ್ಬ ಮನುಷ್ಯ ಇನ್ನೊಬ್ಬನೊಂದಿಗೆ ಕಲಸಿಹೋಗುವುದಿಲ್ಲ. ಟಿಬೆಟನ್ನರಲ್ಲಿ ಸಾಮಾನ್ಯವಾಗಿ ಅಡ್ಡಹೆಸರಿಲ್ಲ, ದಲೈ ಲಾಮಾ ಅವರಿಂದ ದೀಕ್ಷೆ ಪಡೆದವರ ಹೆಸರು ತೆನ್‌ಜಿನ್ ಎಂದೇ ಆರಂಭವಾಗುತ್ತದೆ, ಎರಡನೆಯ ಪದಗಳೂ ಬೆರಳೆಣಿಕೆಯಷ್ಟೇ. ನಮ್ಮ ಪಟ್ಟಿಯಲ್ಲಿ ಅಕ್ಷರಕ್ಕೆ ಅಕ್ಷರ ಒಂದೇ ಆದ ಹೆಸರು ಹನ್ನೊಂದು ಸಲ ಬಂದಿತ್ತು. ಆಡಿಟರ್ ಪೆನ್ಸಿಲಿನಿಂದ ಹನ್ನೊಂದಕ್ಕೂ ಸುತ್ತು ಹಾಕಿ, ಇವರು ಹನ್ನೊಂದು ಜನವೋ ಅಥವಾ ಒಬ್ಬನೇ ಹನ್ನೊಂದು ಚಾದರ ಒಯ್ದನೋ ಎಂದು ಕೇಳಿದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ.

ನಾನು ಆಗ ಮಾಡಿದ ಪರಿಹಾರ ನನಗೆ ಬಹಳ ಜಾಣತನದ್ದೆಂದು ತೋರಿತ್ತು. ಪಟ್ಟಿಗೆ ಎರಡು ಕಾಲಂ ಸೇರಿಸಿದೆ: ತಂದೆಯ ಹೆಸರು, ಹುಟ್ಟಿದ ಊರು. ಞೆರ್ಪಾ ಅವರ ಕಚೇರಿಯ ಹುಡುಗನಿಂದ ಎರಡೇ ದಿನದಲ್ಲಿ ತುಂಬಿಸಿಕೊಂಡು, ಸ್ಕ್ಯಾನ್ ಮಾಡಿ, ವಿತರಣೆಯ ಫೋಟೋಗಳೊಂದಿಗೆ ಕಂಪನಿಗೆ ಕಳುಹಿಸಿದೆ. ಆಡಿಟರ್ ಟಿಕ್ ಹಾಕಿದರು. ಕಂಪನಿಯವರು ಸಂತೋಷಪಟ್ಟು ಒಂದು ಫೋಟೋವನ್ನು ತಮ್ಮ ಫೇಸ್‌ಬುಕ್ ಪುಟದಲ್ಲಿ ಹಾಕಿದರು: ಬ್ಯಾನರಿನ ಮುಂದೆ ಚಾದರ ಹಿಡಿದು ನಿಂತ ಆರು ಭಿಕ್ಷುಗಳು, ಕೆಳಗೆ ಅವರ ಹೆಸರುಗಳು, ಹಿಂದೆ ವಸತಿಗೃಹದ ಫಲಕ.

ಮೂರನೆಯ ದಿನ ರಾತ್ರಿ ಹತ್ತು ಗಂಟೆಗೆ ಞೆರ್ಪಾ ಅವರ ಫೋನ್ ಬಂತು. 'ಅಕ್ಕಾರ, ಫೋಟೋದಾಗ ಎಡಗಡೆಯಿಂದ ಮೂರನೇದವ ಅದಾನಲ್ಲ, ಅವನ ತಾಯಿ ಇನ್ನೂ ಅಲ್ಲೇ ಅದಾಳ್ರಿ' ಎಂದರು. ಸಿಟ್ಟಿಲ್ಲದ, ತಗ್ಗಿದ ದನಿ. ಅಲ್ಲೇ ಎಂದರೆ ಎಲ್ಲಿ ಎಂದು ಕೇಳಲು ಬಾಯಿ ತೆರೆದವಳು ಹಾಗೆಯೇ ಮುಚ್ಚಿದೆ.

ವಿಹಾರದಲ್ಲಿರುವ ಎಲ್ಲರೂ ಟಿಬೆಟ್ಟಿನಿಂದ ಬಂದವರಲ್ಲ. ಲಡಾಖ್, ಸಿಕ್ಕಿಂ, ಅರುಣಾಚಲ, ನೇಪಾಳಗಳಿಂದ ಓದಲು ಬಂದ ಹುಡುಗರಿದ್ದಾರೆ, ಇಲ್ಲಿಯ ಕ್ಯಾಂಪುಗಳಲ್ಲೇ ಹುಟ್ಟಿದವರಿದ್ದಾರೆ. ಇವರ ಫೋಟೋ ಎಲ್ಲಿ ಬಂದರೂ ಯಾರ ಮನೆಯ ಬಾಗಿಲನ್ನೂ ಯಾರೂ ತಟ್ಟುವುದಿಲ್ಲ. ಹಿಮಾಲಯ ದಾಟಿ ಬಂದವರ ಸಂಗತಿ ಬೇರೆ. 1996ರಿಂದ ಅಲ್ಲಿಯ ವಿಹಾರಗಳಲ್ಲಿ 'ದೇಶಭಕ್ತಿ ಶಿಕ್ಷಣ'ದ ಹೆಸರಿನಲ್ಲಿ ಭಿಕ್ಷುಗಳು ದಲೈ ಲಾಮಾ ಅವರನ್ನು ನಿಂದಿಸಿ ಬರೆದುಕೊಡಬೇಕೆಂಬ ಒತ್ತಾಯವಿದೆ, ಒಪ್ಪದವರು ವಿಹಾರದಿಂದ ಹೊರಗೆ ಬಿದ್ದಿದ್ದಾರೆ ಅಥವಾ ಜೈಲು ಸೇರಿದ್ದಾರೆ. 2012ರ ಜನವರಿಯಲ್ಲಿ ದಲೈ ಲಾಮಾ ಅವರು ಬೋಧಗಯಾದಲ್ಲಿ ಕೊಟ್ಟ ಕಾಲಚಕ್ರ ದೀಕ್ಷೆಗೆ ಬಂದು ಊರಿಗೆ ಮರಳಿದ ಯಾತ್ರಿಕರನ್ನೇ ಹಿಡಿದು 'ಮರುಶಿಕ್ಷಣ'ಕ್ಕೆ ಕೂರಿಸಿದ್ದರು. 2008ರ ಪ್ರತಿಭಟನೆಗಳಿಗೆ ಮೊದಲು ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಜನ ಗಡಿ ದಾಟಿ ಬರುತ್ತಿದ್ದರು, ಈಗ ಆ ಸಂಖ್ಯೆ ಕೆಲವು ಹತ್ತುಗಳಿಗೆ ಇಳಿದಿದೆ. ಬಂದವನೊಬ್ಬ ಇಲ್ಲಿ ಇದ್ದಾನೆಂದು ಅಲ್ಲಿ ತಿಳಿಯಬಾರದು ಎಂಬ ಕಾರಣಕ್ಕೆ ತಾಯಿಗೆ ವರ್ಷಗಟ್ಟಲೆ ಫೋನ್ ಮಾಡದವರಿದ್ದಾರೆ. ಅಂಥವನ ಮುಖ, ಹೆಸರುಗಳನ್ನು ಕಂಪನಿಯವರು ಪ್ರಕಟಿಸಿದ್ದರು. ಅವನ ತಂದೆಯ ಹೆಸರು ಮತ್ತು ಹಳ್ಳಿಯನ್ನು ಚೊಕ್ಕ ಅಕ್ಷರದಲ್ಲಿ ಮೇಲ್ ಮಾಡಿದವಳು ನಾನು.

ಫೇಸ್‌ಬುಕ್ ಫೋಟೋ ತೆಗೆಸಲು ಎರಡು ದಿನ ಹಿಡಿಯಿತು. ಕಂಪನಿಯವರಿಗೆ ವಿಷಯದ ಗಂಭೀರತೆ ಹೊಳೆಯಲು ಒಂದೂವರೆ ದಿನ, ತೆಗೆಯಲು ಅರ್ಧ ದಿನ.

ಆಮೇಲೆ ನಾನು ಮುಂಡಗೋಡಕ್ಕೆ ಹೋಗಿ ಞೆರ್ಪಾ ಅವರ ಎದುರು ಕುಳಿತೆ. ಹೆಸರುಗಳನ್ನು ಅಳಿಸಿ ವಸತಿಗೃಹವಾರು ಲೆಕ್ಕ ಕೊಟ್ಟರೆ ಸಾಕಲ್ಲವೇ ಎಂದು ಕೇಳಿದಾಗ ಅವರು ನಕ್ಕರು. ಆ ವಿಹಾರದ ವಸತಿಗೃಹಗಳಿಗೆ ಖಾಂಗ್‌ತ್ಸೆನ್ ಎನ್ನುತ್ತಾರೆ. ಟಿಬೆಟ್ಟಿನ ಯಾವ ಸೀಮೆಯವರು ಯಾವ ಖಾಂಗ್‌ತ್ಸೆನ್‌ಗೆ ಸೇರಬೇಕೆಂಬುದು ಹಳೆಯ ಕಾಲದಿಂದ ಬಂದ ರೂಢಿ, ಆದ್ದರಿಂದ ಖಾಂಗ್‌ತ್ಸೆನ್ ಹೆಸರು ಬರೆದರೆ ಸೀಮೆಯ ಹೆಸರು ಬರೆದ ಹಾಗೆಯೇ. ಫೋಟೋದ ಹಿಂದಿನ ಫಲಕವೂ ಅದೇ ತಪ್ಪನ್ನು ಮಾಡಿತ್ತು. ಇದು ಪುಣೆಯಲ್ಲಿ ಕುಳಿತು ಎಷ್ಟು ತಲೆ ಓಡಿಸಿದರೂ ನನಗೆ ಹೊಳೆಯುತ್ತಿರಲಿಲ್ಲ.

ಇನ್ನೊಂದು ಮಾತನ್ನು ಅವರು ಹೇಳಲಿಲ್ಲ, ನಾನೇ ಕಂಡೆ. ಫೋಟೋಕ್ಕೆ ಎಲ್ಲರ ಒಪ್ಪಿಗೆ ಇತ್ತು ಎಂದು ನಮ್ಮ ವರದಿಯಲ್ಲಿ ಬರೆದಿದ್ದೆವು. ಒಪ್ಪಿಗೆ ಕೇಳಿದವರು ಗೆಕೊ, ಅಂದರೆ ವಿಹಾರದ ಶಿಸ್ತಿನ ಅಧಿಕಾರಿ. ಕೇಳಿದ್ದು ಇಡೀ ಸಭೆಯ ಮುಂದೆ. ಗೆಕೊ ಎದ್ದು ನಿಂತು ಕೇಳಿದಾಗ ಇಪ್ಪತ್ತು ವರ್ಷದ ಭಿಕ್ಷು ಒಲ್ಲೆ ಎನ್ನುವನೇ? ನಮ್ಮೂರ ಮಠದ ಪಂಕ್ತಿಯಲ್ಲಿ ಸ್ವಾಮಿಗಳೇ ನಿಂತು ಬಡಿಸಿದ್ದನ್ನು ನಾವು ಬೇಡ ಎಂದದ್ದುಂಟೇ? ಈಗ ಒಪ್ಪಿಗೆಯನ್ನು ಒಬ್ಬೊಬ್ಬರನ್ನೇ ಬೇರೆ ಕೋಣೆಯಲ್ಲಿ, ಟಿಬೆಟನ್ ಭಾಷೆಯಲ್ಲಿ ಕೇಳಿಸುತ್ತೇವೆ, ಬೇಡವೆಂದವರಿಗೂ ಚಾದರ ಅಷ್ಟೇ ಎಂಬುದನ್ನು ಕೇಳುವ ಮೊದಲೇ ಹೇಳುತ್ತೇವೆ. ಬಹುತೇಕರು ಬೇಡವೆನ್ನುತ್ತಾರೆ.

ಪಟ್ಟಿಯ ವಿಷಯಕ್ಕೆ ಬಂದರೆ, ಆಡಿಟರ್ ಸಾಹೇಬರನ್ನು ಒಪ್ಪಿಸುವುದೇ ಹೆಚ್ಚಿನ ಕೆಲಸವಾಯಿತು. ಕೊನೆಗೆ ನಿಂತ ವ್ಯವಸ್ಥೆ ಹೀಗಿದೆ: ಪ್ರತಿ ಭಿಕ್ಷುವಿಗೆ ಒಂದು ಟೋಕನ್ ಸಂಖ್ಯೆ, ನಮ್ಮ ಪಟ್ಟಿಯಲ್ಲಿ ಆ ಸಂಖ್ಯೆ ಮತ್ತು ಹೆಬ್ಬೆಟ್ಟು ಮಾತ್ರ, ಯಾವ ಸಂಖ್ಯೆ ಯಾರದೆಂಬ ರಿಜಿಸ್ಟರ್ ವಿಹಾರದ ಕಚೇರಿಯ ಕಪಾಟು ಬಿಟ್ಟು ಹೊರಗೆ ಬರುವುದಿಲ್ಲ, ಅದರ ಫೋಟೋ ತೆಗೆಯುವಂತಿಲ್ಲ. ಪರಿಶೀಲನೆ ಬೇಕಿದ್ದರೆ ಆಡಿಟರ್ ಅಲ್ಲಿಗೇ ಹೋಗಿ ತಮಗೆ ಬೇಕಾದ ಸಂಖ್ಯೆಗಳನ್ನು ಹೆಕ್ಕಿ, ಆ ಭಿಕ್ಷುಗಳನ್ನು ಕಣ್ಣಾರೆ ಕಂಡು, ಚಾದರ ನೋಡಿ, ಟಿಕ್ ಹಾಕಿ ಬರಬೇಕು. ಪ್ರಯಾಣದ ಖರ್ಚು ಯಾರ ತಲೆಗೆ ಎಂಬ ಜಗಳ ಎರಡು ತಿಂಗಳು ನಡೆಯಿತು. ವರದಿಗೆ ಈಗ ಮಂಚದ ಮೇಲೆ ಮಡಚಿಟ್ಟ ಚಾದರದ, ಫಿಲ್ಟರಿನಿಂದ ನೀರು ಹಿಡಿಯುವ ಕೈಗಳ ಚಿತ್ರ ಹೋಗುತ್ತದೆ, ಅದೂ ಫೋನಿನಲ್ಲಿ ಜಾಗದ ಮಾಹಿತಿಯನ್ನು ತೆಗೆದ ಮೇಲೆ. ಕಂಪನಿಯವರಿಗೆ ಇದು ರುಚಿಸಿಲ್ಲ. ಮುಖವಿಲ್ಲದ ಫೋಟೋಕ್ಕೆ ಲೈಕ್ ಬರುವುದಿಲ್ಲವಂತೆ. ನಮ್ಮ ಕಡೆಯ ಗುಡಿಗಳಲ್ಲಿ ಫ್ಯಾನಿನ ರೆಕ್ಕೆಯ ಮೇಲೂ ಕೊಟ್ಟವರ ಹೆಸರು ಬರೆದಿರುತ್ತದೆ, ದಾಸೋಹದಲ್ಲಿ ಉಂಡವರ ಹೆಸರನ್ನು ಯಾವ ಗೋಡೆಯ ಮೇಲೂ ನಾನು ಕಂಡಿಲ್ಲ ಎಂದು ಅವರ ಮ್ಯಾನೇಜರಿಗೆ ಹೇಳಿದೆ. ಕಂಪನಿಯ ಹೆಸರು ಎಷ್ಟು ದೊಡ್ಡ ಅಕ್ಷರದಲ್ಲಿ ಬೇಕಾದರೂ ಬರೆಯಲಿ, ನನ್ನದೇನೂ ತಕರಾರಿಲ್ಲ.

ಎಡಗಡೆಯಿಂದ ಮೂರನೆಯ ಆ ಭಿಕ್ಷುವನ್ನು ಮರುವರ್ಷ ಅಡುಗೆಮನೆಯ ಬಳಿ ಕಂಡೆ. ಅವನಿಗೆ ಕನ್ನಡ ಬರುವುದಿಲ್ಲ, ನನಗೆ ಟಿಬೆಟನ್ ಬರುವುದಿಲ್ಲ. ಎರಡೂ ಕೈಯಲ್ಲಿ ಚಹಾದ ಬಟ್ಟಲು ಹಿಡಿದು ಕೊಟ್ಟು ಹೋದ. ತಾಯಿಯ ವಿಷಯ ಕೇಳಬೇಕೆಂದು ಞೆರ್ಪಾ ಅವರ ಕಡೆ ನೋಡಿದೆ. ಅವರು ಚಲನ್ ಎಣಿಸುತ್ತಿದ್ದರು, ತಲೆ ಎತ್ತಲಿಲ್ಲ.

ಹಳೆಯ ಪಟ್ಟಿಯನ್ನು ಸುಟ್ಟುಬಿಡೋಣವೆಂದರೆ ಆಗುವುದಿಲ್ಲ. ಕಂಪನಿ ಕಾಯ್ದೆಯ ಪ್ರಕಾರ ಲೆಕ್ಕಪತ್ರಗಳನ್ನು ಎಂಟು ವರ್ಷ ಕಾಪಾಡಬೇಕು, ನಾನು ಮೇಲ್ ಮಾಡಿದ ಪ್ರತಿ ಅವರ ದಾಖಲೆಗಳಲ್ಲಿ ಇದ್ದೇ ಇದೆ. ನಮ್ಮ ಪ್ರತಿಯನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, ಗೋದ್ರೆಜ್ ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟಿದ್ದೇವೆ. ಬೀಗದ ಕೈ ನನ್ನ ಹತ್ತಿರ ಇದೆ.