ಹೆಮಿಂಗ್ವೇ ಕಾಯಿಲೆ ಬಿದ್ದ ದಾರಿಯಲ್ಲಿ

ಅಮೆರಿಕದ ಲೇಖಕ ಅರ್ನೆಸ್ಟ್ ಹೆಮಿಂಗ್ವೇ 1933ರ ಡಿಸೆಂಬರ್‌ನಲ್ಲಿ ಹಡಗಿನಿಂದ ಮೊಂಬಾಸಾದಲ್ಲಿ ಇಳಿದ. ಜೊತೆಗೆ ಹೆಂಡತಿ ಪಾಲೀನ್, ಗೆಳೆಯ ಚಾರ್ಲ್ಸ್ ಥಾಂಪ್ಸನ್. ಖರ್ಚೆಲ್ಲ ಪಾಲೀನ್‌ಳ ಚಿಕ್ಕಪ್ಪನದು, 25,000 ಡಾಲರ್. ಅಮೆರಿಕದಲ್ಲಿ ಜನ ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದ ಕಾಲ ಅದು. ಹೆಂಡತಿ ಕಡೆಯವರ ದುಡ್ಡಲ್ಲಿ ಸಿಂಹ ಹೊಡೆಯುವ ಮುಜುಗರ ಅವನಿಗೆ ಇದ್ದೇ ಇತ್ತು ಅಂತ ನನ್ನ ಅನಿಸಿಕೆ. ಇಲ್ಲದಿದ್ದರೆ 'ದಿ ಸ್ನೋಸ್ ಆಫ್ ಕಿಲಿಮಂಜಾರೋ' ಕಥೆಯ ಹ್ಯಾರಿ, ಸಾಯುವಾಗಲೂ ಶ್ರೀಮಂತ ಹೆಂಡತಿಯನ್ನು ಅಷ್ಟೊಂದು ಯಾಕೆ ಬಯ್ಯಬೇಕು?

ನೈರೋಬಿಯಿಂದ ನಾವು ಬಾಡಿಗೆ ಲ್ಯಾಂಡ್ ಕ್ರೂಸರ್‌ನಲ್ಲಿ ನಮಾಂಗಾ ಗಡಿ ದಾಟಿ ತಾಂಜಾನಿಯಾದ ಅರುಷಾಕ್ಕೆ ಹೊರಟೆವು. ಹೆಮಿಂಗ್ವೇ ತಂಡವೂ ನೈರೋಬಿ ಕಡೆಯಿಂದ ಅರುಷಾಕ್ಕೇ ಬಂದಿತ್ತು. ಅವರ ಮುಂದಾಳು ಫಿಲಿಪ್ ಪರ್ಸಿವಲ್. ಮಚಾಕೋಸ್ ಬೆಟ್ಟಗಳ ಹತ್ತಿರ ಅವನ ಜಮೀನು. ಹೆಚ್ಚು ಮಾತಾಡದ, ಬೇಟೆಯಲ್ಲಿ ಪಳಗಿದ ಇಂಗ್ಲಿಷ್ ಮನುಷ್ಯ. ಈ ಬೇಟೆಯ ಬಗ್ಗೆ ಹೆಮಿಂಗ್ವೇ ಬರೆದ 'ಗ್ರೀನ್ ಹಿಲ್ಸ್ ಆಫ್ ಆಫ್ರಿಕಾ'ದಲ್ಲಿ ಬರುವ ಪಾಪ್ ಅವನೇ. 'ಮಕೋಂಬರ್' ಕಥೆಯ ಬೇಟೆಗಾರ ವಿಲ್ಸನ್‌ಗೂ ಅವನ ಛಾಯೆ ಇದೆ. ನಮ್ಮ ಡ್ರೈವರ್‌ಗೆ ಪರ್ಸಿವಲ್ ಯಾರೋ ಗೊತ್ತಿಲ್ಲ. ಹೆಮಿಂಗ್ವೇ ಮಾತ್ರ ಗೊತ್ತು, ಅದೂ ಲಾಡ್ಜ್‌ಗಳ ಬಾರ್‌ಗಳಲ್ಲಿ ನೋಡಿದ ಫೋಟೋಗಳಿಂದ.

ಮನ್ಯಾರಾ ಸರೋವರದ ಹತ್ತಿರ ಬಂದಾಗ ರಿಫ್ಟ್ ಕಣಿವೆಯ ಗೋಡೆ ಪಕ್ಕದಲ್ಲೇ ಎದ್ದು ನಿಲ್ಲುತ್ತದೆ. ಕೆಳಗೆ ಕ್ಷಾರದ ನೀರು, ಅಂಚಿನಲ್ಲಿ ಫ್ಲೆಮಿಂಗೋಗಳು, ಮರದ ನೆರಳಲ್ಲಿ ಬಬೂನ್‌ಗಳ ಸಂಸಾರ. ಈ ಸೀಮೆಯಲ್ಲೇ ಅವರು ಖಡ್ಗಮೃಗ, ಕಾಡೆಮ್ಮೆ ಹುಡುಕಿ ಅಲೆದದ್ದು. ಆಮೇಲೆ ದೊಡ್ಡ ಕುಡು ಜಿಂಕೆಗಾಗಿ ಇನ್ನೂ ದಕ್ಷಿಣಕ್ಕೆ ಹೋದರು. ಕುಡುವಿನ ಕೊಂಬು ಹಗ್ಗ ಹೊಸೆದ ಹಾಗೆ ಸುರುಳಿ ಸುರುಳಿ. ಕೊನೆಗೆ ಹೆಮಿಂಗ್ವೇಗೆ ಒಂದೇ ಸಂಜೆ ಎರಡು ಸಿಕ್ಕವು. ಕುಣಿಯುತ್ತಾ ಡೇರೆಗೆ ಬಂದು ನೋಡಿದರೆ, ಗೆಳೆಯ ಹೊಡೆದದ್ದು ಇವನದಕ್ಕಿಂತ ದೊಡ್ಡದು! ಆ ಹೊಟ್ಟೆಕಿಚ್ಚನ್ನು ಪುಸ್ತಕದಲ್ಲಿ ಮುಚ್ಚಿಡದೆ ಬರೆದಿದ್ದಾನೆ. 1935ರ ಆ ಪುಸ್ತಕದಲ್ಲಿ ನನಗೆ ಇಷ್ಟವಾದದ್ದು ಅದು, ಇನ್ನೊಂದು ಬಂದೂಕು ಹೊರುವ ಎಂ'ಕೋಲಾ. ಗುಂಡು ತಿಂದ ಕತ್ತೆಕಿರುಬ ಸಾಯುವುದನ್ನು ಕಂಡು ಎಂ'ಕೋಲಾ ನಗುವ ಪುಟಗಳಿವೆ. ಬೆಂಗಳೂರಲ್ಲಿ ಓದಿದಾಗ ನನಗೂ ನಗು ಬಂದಿತ್ತು. ಇಲ್ಲಿ ಮರಿಗಳ ಜೊತೆ ಬಿಲದ ಬಾಯಲ್ಲಿ ಮಲಗಿದ್ದ ಕತ್ತೆಕಿರುಬವನ್ನು ನೋಡಿದ ಮೇಲೆ ಬರಲಿಲ್ಲ.

ಉಳಿದಂತೆ ಆ ಪುಸ್ತಕ ಜಾಸ್ತಿ ಜಂಬದ್ದು. ನಡೆದದ್ದನ್ನು ನಡೆದ ಹಾಗೇ ಬರೆದರೆ ಅದು ಕಲ್ಪನೆಯ ಕಥೆಗೆ ಸಾಟಿಯಾಗುತ್ತದಾ ನೋಡೋಣ ಅಂತ ಮುನ್ನುಡಿಯಲ್ಲಿ ಪಂಥ ಕಟ್ಟಿದ್ದ. ಮುಂದಿನ ವರ್ಷ ಅವನೇ ಬರೆದ ಎರಡು ಕಥೆಗಳು ಆ ಪಂಥದಲ್ಲಿ ಅವನನ್ನು ಸೋಲಿಸಿದವು. ಒಂದು ಮಕೋಂಬರ್, ಇನ್ನೊಂದು ಸ್ನೋಸ್.

ಸ್ನೋಸ್ ಹುಟ್ಟಿದ್ದು ಬೇಟೆಯಿಂದ ಅಲ್ಲ, ಆಮಶಂಕೆಯಿಂದ. ಸೆರೆಂಗೆಟಿಯಲ್ಲಿ ಬೇಟೆ ಶುರುವಾಗಿ ಕೆಲವೇ ವಾರಕ್ಕೆ ಅವನ ಹೊಟ್ಟೆ ಕೆಟ್ಟಿತು. 1934ರ ಜನವರಿಯಲ್ಲಿ ಹಾಸಿಗೆ ಹಿಡಿದ. ಕರೆದೊಯ್ಯಲು ಚಿಕ್ಕ ವಿಮಾನ ಬಂತು. ಅದು ಗೊರೊಂಗೊರೊ ಜ್ವಾಲಾಮುಖಿ ಬಾಯಿಯ ಮೇಲೆ ಹಾದು, ಅರುಷಾದಲ್ಲಿ ಪೆಟ್ರೋಲ್ ಹಾಕಿಸಿಕೊಂಡು, ಕಿಲಿಮಂಜಾರೋ ಪಕ್ಕದಿಂದ ನೈರೋಬಿ ಮುಟ್ಟಿತು. ಎಮೆಟೀನ್ ಇಂಜೆಕ್ಷನ್ ಕೊಟ್ಟರು, ಚೇತರಿಸಿಕೊಂಡ, ಮತ್ತೆ ಬೇಟೆಗೆ ಹೋದ. ಕಥೆಯಲ್ಲಿ ಮಾತ್ರ ಮುಳ್ಳು ಗೀರಿದ ಗಾಯಕ್ಕೆ ಅಯೋಡಿನ್ ಹಚ್ಚದೆ ಹ್ಯಾರಿಯ ಕಾಲು ಕೊಳೆಯುತ್ತದೆ. ಅವನು ವಿಮಾನಕ್ಕಾಗಿ ಕಾಯುತ್ತಾನೆ.

ನಾವು ಸೆರೆಂಗೆಟಿಯ ಸೆರೊನೆರಾದಿಂದ ಅರುಷಾಕ್ಕೆ ಚಿಕ್ಕ ವಿಮಾನ ಹಿಡಿದದ್ದು ಇದಕ್ಕಾಗಿಯೇ. ಕೆಳಗೆ ಬಯಲು, ಚುಕ್ಕಿಗಳಂತೆ ವೈಲ್ಡ್‌ಬೀಸ್ಟ್, ಆಮೇಲೆ ಕಾಡು ತುಂಬಿದ ಜ್ವಾಲಾಮುಖಿ ಬಾಯಿಗಳು. ಹ್ಯಾರಿಯ ಕನಸಲ್ಲಿ ವಿಮಾನ ಅರುಷಾಕ್ಕೆ ಹೋಗುವುದೇ ಇಲ್ಲ, ಎಡಕ್ಕೆ ತಿರುಗುತ್ತದೆ. ಪೈಲಟ್ ಹತ್ತಿರ ಪೆಟ್ರೋಲ್ ಸಾಕಷ್ಟಿರಬೇಕು ಅಂತ ಅವನು ಅಂದುಕೊಳ್ಳುತ್ತಾನೆ. ಪೆಟ್ರೋಲ್‌ನಂಥ ಸಣ್ಣ ವಿಷಯ ಒಳಗೆ ಸೇರಿದ್ದರಿಂದಲೇ ಆ ಸಾವು ನಂಬುವ ಹಾಗಿದೆ. ಹೀಗೆ ಬರೆಯಲು ಒಮ್ಮೆ ಆ ಸೀಟಲ್ಲಿ ನರಳುತ್ತಾ ಕೂತಿರಬೇಕು, ಅಲ್ವಾ? ನಮ್ಮ ಪೈಲಟ್ ನೇರವಾಗಿ ಅರುಷಾಕ್ಕೇ ಹೋದ. ಮೇರು ಬೆಟ್ಟದ ಹಿಂದೆ ಕಿಲಿಮಂಜಾರೋ ಇರಬೇಕಾದ ಕಡೆ ಬರೀ ಮೋಡ.

ಬೆಟ್ಟ ಕಂಡದ್ದು ಮತ್ತೆ ಗಡಿ ದಾಟಿ ಕೀನ್ಯಾದ ಕಿಮಾನಾಕ್ಕೆ ಬಂದಾಗ, ಬೆಳಿಗ್ಗೆ ಆರೂವರೆಗೆ. ಹೊಳೆಯುವ ಬಿಳಿ ತಲೆ ಅಂತ ಓದಿ ಹೋದವರಿಗೆ ನಿರಾಸೆಯೇ. 1912ರಲ್ಲಿದ್ದ ಹಿಮದಲ್ಲಿ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಕರಗಿಹೋಗಿದೆ. ಕೆಳಗೆ ಜೌಗು, ಹಳದಿ ತೊಗಟೆಯ ಜಾಲಿ ಮರಗಳು, ನೀರಿಗಿಳಿದ ಆನೆಗಳು. ಈಗ ಇದು ಮಾಸಾಯಿಗಳ ಜಮೀನಿನಲ್ಲಿರುವ ವನ್ಯಧಾಮ. ಕೀನ್ಯಾದಲ್ಲಿ 1977ರಿಂದ ಬೇಟೆ ನಿಷೇಧ. ತಾಂಜಾನಿಯಾದಲ್ಲಿ ದುಡ್ಡು ಕಟ್ಟಿದರೆ ಈಗಲೂ ಕೆಲವು ಕಡೆ ಹೊಡೆಯಬಹುದು. ಆನೆಗೆ ಗಡಿ ಎಲ್ಲಿ ಗೊತ್ತು ಅಂತ ಡ್ರೈವರ್ ಕಹಿಯಾಗಿ ಹೇಳಿದ.

1953ರಲ್ಲಿ ಹೆಮಿಂಗ್ವೇ ಇಲ್ಲಿ ಡೇರೆ ಹಾಕಿದ್ದ. ಈ ಸಲದ ಹೆಂಡತಿ ಮೇರಿ. ಲುಕ್ ಪತ್ರಿಕೆಯ ಫೋಟೋಗ್ರಾಫರ್ ಬೇರೆ ಜೊತೆಗಿದ್ದ. ಸುತ್ತ ಬ್ರಿಟಿಷರ ವಿರುದ್ಧ ಮಾವ್ ಮಾವ್ ಬಂಡಾಯ ನಡೆಯುತ್ತಿತ್ತು. ಇವನಿಗೆ ಗೌರವ ಅರಣ್ಯಾಧಿಕಾರಿ ಪದವಿ ಕೊಟ್ಟಿದ್ದರು! ಮುಂದಿನ ಜನವರಿಯಲ್ಲಿ ಉಗಾಂಡಾದ ಮರ್ಚಿಸನ್ ಜಲಪಾತದ ಹತ್ತಿರ ಅವನಿದ್ದ ವಿಮಾನ ತಂತಿಗೆ ತಾಗಿ ಬಿತ್ತು. ಮರುದಿನ ಬುಟಿಯಾಬಾದಲ್ಲಿ ಹತ್ತಿದ ಇನ್ನೊಂದು ವಿಮಾನ ಏರುವ ಮೊದಲೇ ಹೊತ್ತಿ ಉರಿಯಿತು. ಜಗತ್ತಿನ ಪತ್ರಿಕೆಗಳು ಅವನು ಸತ್ತ ಅಂತ ಬರೆದವು. ಅವನು ಅವನ್ನೆಲ್ಲ ಕೂತು ಓದಿದ. ಅದೇ ವರ್ಷ ನೊಬೆಲ್ ಬಂದಾಗ ಸ್ಟಾಕ್‌ಹೋಮ್‌ಗೆ ಹೋಗುವಷ್ಟು ಮೈಯಲ್ಲಿ ಶಕ್ತಿ ಇರಲಿಲ್ಲ.

ಕಾಯಿಲೆಯಿಂದ ಒಂದು ಕಥೆ ಬಂದ ಹಾಗೆ ಈ ಎರಡು ಅಪಘಾತಗಳಿಂದ ಅಂಥ ಕಥೆ ಯಾವುದೂ ಬರಲಿಲ್ಲ. ಕಿಮಾನಾದ ಬಗ್ಗೆ ನೂರಾರು ಪುಟ ಬರೆದ, ಮುಗಿಸಲಿಲ್ಲ. ಮಗ ಪ್ಯಾಟ್ರಿಕ್ ಅದನ್ನು ಕತ್ತರಿಸಿ 'ಟ್ರೂ ಅಟ್ ಫಸ್ಟ್ ಲೈಟ್' ಹೆಸರಲ್ಲಿ 1999ರಲ್ಲಿ ಹೊರತಂದ. ಈ ಡೇರೆಯಲ್ಲಿ ಕೂತು ಅದನ್ನು ಓದಬೇಕು ಅಂತಲೇ ಹೊತ್ತು ತಂದಿದ್ದೆ. ಮೇರಿಯ ಸಿಂಹದ ಬೇಟೆ ಮುಗಿಯುವ ಹೊತ್ತಿಗೆ ನನಗೆ ಸಾಕಾಯಿತು. ಪುಸ್ತಕವನ್ನು ಲಾಡ್ಜ್‌ನವರ ಕಪಾಟಿಗೆ ಕೊಟ್ಟು ಬಂದೆ. ಅಲ್ಲಿ ಅದರ ಇನ್ನೂ ಕೆಲವು ಪ್ರತಿಗಳಿದ್ದವು.