ಬೀಚ್‌ನಲ್ಲಿ ಗಾಳ ಹಾಕೋಕೆ ಏನೇನು ಒಯ್ಯಬೇಕು?

ನಾನು ಸಮುದ್ರದ ದಂಡೆಯಲ್ಲಿ ನಿಂತು ಗಾಳ ಹಾಕುತ್ತೇನೆ ಅಂತ ಗೊತ್ತಾದವರೆಲ್ಲ ಕೇಳುವುದು ಇದನ್ನೇ: "ಬರೋವಾಗ ಏನೇನು ತರಲಿ? ಎಷ್ಟು ರಾಡ್ ಬೇಕು?" ನನ್ನ ಉತ್ತರ ಚಿಕ್ಕದು. ಒಂದು ಕೈಯಲ್ಲಿ ರಾಡ್, ಇನ್ನೊಂದರಲ್ಲಿ ಬಕೆಟ್. ಬಕೆಟ್‌ನಲ್ಲಿ ಹಿಡಿಸದ್ದು ಮನೆಯಲ್ಲೇ ಇರಲಿ.

ಯಾಕೆ ಅಂದರೆ, ದಂಡೆಯ ಮೀನುಗಾರಿಕೆ ಅಂದರೆ ನಡೆಯುವುದು. ಉಡುಪಿ ಕಡೆಯ ಪಡುಕೆರೆಯಲ್ಲೋ ಕೋಡಿ ಬೆಂಗ್ರೆಯಲ್ಲೋ ನಿಂತು ನೋಡಿದರೆ ಮರಳು ಉದ್ದಕ್ಕೂ ಒಂದೇ ಥರ ಕಾಣುತ್ತದೆ. ನೀರಿನ ಅಡಿಯಲ್ಲಿ ಹಾಗಿರುವುದಿಲ್ಲ. ಅಲೆ ದೂರದಲ್ಲಿ ಒಮ್ಮೆ ಒಡೆಯುತ್ತದೆ, ಆಮೇಲೆ ಸುಮ್ಮನಾಗುತ್ತದೆ, ದಡದ ಹತ್ತಿರ ಮತ್ತೆ ಒಡೆಯುತ್ತದೆ. ಆ ಎರಡರ ನಡುವೆ ನೊರೆ ಇಲ್ಲದೆ ಕಪ್ಪಗೆ ಕಾಣುವ ಪಟ್ಟಿಯಲ್ಲಿ ಆಳ ಜಾಸ್ತಿ. ಅಲೆ ಕೆದಕಿ ಹಾಕಿದ ಹುಳ, ಸಿಗಡಿ, ಮರಿ ಏಡಿ ಅಲ್ಲಿ ಬಂದು ಸೇರುತ್ತವೆ. ಅವನ್ನು ತಿನ್ನಲು ಮೀನೂ ಬರುತ್ತದೆ. ಪ್ರತಿ ಮಳೆಗಾಲ ಈ ಗುಂಡಿಗಳ ಜಾಗ ಬದಲಿಸುತ್ತದೆ. ಹಾಗಾಗಿ ಹುಡುಕಿಕೊಂಡು ಹೋಗಲೇಬೇಕು. ಎರಡು ರಾಡ್, ಕುರ್ಚಿ, ದೊಡ್ಡ ಐಸ್ ಬಾಕ್ಸ್ ಹೊತ್ತು ತಂದವರು ಕಾರು ನಿಲ್ಲಿಸಿದ ಕಡೆಯೇ ಕೂರುತ್ತಾರೆ. ಅಷ್ಟೆಲ್ಲ ಹೊತ್ತುಕೊಂಡು ಯಾರು ನಡೀತಾರೆ, ಅಲ್ವಾ?

ಒಂದು ಎಚ್ಚರಿಕೆ. ಆ ಕಪ್ಪು ಪಟ್ಟಿ ದಡಕ್ಕೆ ಸಮಾನಾಂತರವಾಗಿರದೆ, ದಡದಿಂದ ನೇರ ಸಮುದ್ರದ ಕಡೆಗೆ ಹೋಗಿದ್ದರೆ ಅಲ್ಲಿ ನೀರು ಹೊರಕ್ಕೆ ಎಳೆಯುತ್ತಿರುತ್ತದೆ. ಪಕ್ಕದ ಮರಳಿನಿಂದ ಗಾಳ ಹಾಕಿ, ಅಲ್ಲಿ ನೀರಿಗಿಳಿಯಬೇಡಿ. ಬೇರೆ ಕಡೆಯೂ ಮೊಣಕಾಲು ದಾಟಿ ಇಳಿಯುವ ಅಗತ್ಯ ನನಗಂತೂ ಕಂಡಿಲ್ಲ. ಜೂನ್‌ನಿಂದ ಮಳೆಗಾಲ ಮುಗಿಯುವವರೆಗೆ ನಾನು ಸಮುದ್ರದ ಕಡೆ ರಾಡ್ ಒಯ್ಯುವುದೇ ಇಲ್ಲ.

ಈಗ ರಾಡ್. 10ರಿಂದ 12 ಅಡಿ ಉದ್ದ, 60ರಿಂದ 120 ಗ್ರಾಂ ಭಾರ ಎಸೆಯುವಂಥದ್ದು ಒಂದು ಸಾಕು. ಅದಕ್ಕೆ ದಾರ ಸುತ್ತಲು 5000 ಅಥವಾ 6000 ಸೈಜಿನ ಸ್ಪಿನ್ನಿಂಗ್ ರೀಲ್. ಬ್ರ್ಯಾಂಡ್ ಬಗ್ಗೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಉಪ್ಪು ನೀರು ಮತ್ತು ಮರಳು ಯಾವ ರೀಲನ್ನೂ ಬಿಡುವುದಿಲ್ಲ. ದುಬಾರಿ ರೀಲಿಗೆ ಸುರಿಯುವ ದುಡ್ಡನ್ನು ಒಳ್ಳೆಯ ದಾರ ಮತ್ತು ಚೂಪಾದ ಗಾಳಕ್ಕೆ ಹಾಕಿ.

ದಾರದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಹೊಸಬರು ಎಡವುವುದು ಇಲ್ಲೇ. ದಾರದ ತುದಿಗೆ ಕಟ್ಟಿದ 100 ಗ್ರಾಂ ಸೀಸದ ಭಾರವನ್ನು ಪೂರ್ತಿ ಬಲ ಹಾಕಿ ಬೀಸಿದಾಗ ಆ ಎಳೆತವೆಲ್ಲ ದಾರದ ಮೊದಲ ಕೆಲವು ಮೀಟರ್ ಮೇಲೆ ಬೀಳುತ್ತದೆ. ತೆಳು ದಾರ ಅಲ್ಲಿ ಕಡಿದರೆ ಸೀಸ ಗುಂಡಿನ ಹಾಗೆ ಹಾರುತ್ತದೆ. ಪಕ್ಕದಲ್ಲಿ ಮಕ್ಕಳು ಆಡುತ್ತಿರುತ್ತಾರೆ. ಅದಕ್ಕೇ ಮುಖ್ಯ ದಾರದ ತುದಿಗೆ ದಪ್ಪ ನೈಲಾನ್ ಕಟ್ಟಬೇಕು. ಇದಕ್ಕೆ ಶಾಕ್ ಲೀಡರ್ ಅನ್ನುತ್ತಾರೆ. ಒಂದು ಔನ್ಸ್, ಅಂದರೆ 28 ಗ್ರಾಂ ಸೀಸಕ್ಕೆ 10 ಪೌಂಡ್ ಎಳೆತ ತಾಳುವ ದಾರ ಎಂಬುದು ಎಲ್ಲ ಕಡೆ ನಡೆಯುವ ಲೆಕ್ಕ. 100 ಗ್ರಾಂಗೆ 40 ಪೌಂಡ್ ಇಟ್ಟುಕೊಳ್ಳಿ. ಲೀಡರ್‌ನ ಉದ್ದ ರಾಡಿನ ಉದ್ದದ ಎರಡರಷ್ಟಿರಲಿ, ಜೊತೆಗೆ ರೀಲಿನ ಮೇಲೆ ನಾಲ್ಕೈದು ಸುತ್ತು. ಮುಖ್ಯ ದಾರ ಬ್ರೇಡ್, ಅಂದರೆ ಎಳೆಗಳನ್ನು ಹೆಣೆದ ದಾರ ಆಗಿದ್ದರೆ ಬೀಸುವ ತೋರುಬೆರಳಿಗೆ ಟೇಪ್ ಸುತ್ತಿಕೊಳ್ಳಿ. ಒದ್ದೆ ಬೆರಳನ್ನು ಅದು ಬ್ಲೇಡಿನಷ್ಟೇ ನೀಟಾಗಿ ಕೊಯ್ಯುತ್ತದೆ.

ಇನ್ನು ಬಕೆಟ್. ಖಾಲಿ ಪೇಂಟ್ ಬಕೆಟ್ ಸಾಕು. ಮಗುಚಿ ಹಾಕಿದರೆ ಕೂರುವುದಕ್ಕೂ ಆಯಿತು. ಸೀಸ ಎರಡು ಬಗೆ: ನೀರು ಸುಮ್ಮನಿದ್ದರೆ ಉರುಟು, ಪಕ್ಕಕ್ಕೆ ಎಳೆಯುತ್ತಿದ್ದರೆ ಮರಳಿಗೆ ಕಚ್ಚಿಕೊಳ್ಳುವ ತಂತಿ ಕಾಲಿನದು. ಸಸಿಹಿತ್ಲುವಿನಲ್ಲಿ ನಂದಿನಿ, ಶಾಂಭವಿ ನದಿಗಳು ಸಮುದ್ರ ಸೇರುವ ಬಾಯಿಯಲ್ಲಿ ಇಳಿತದ ಹೊತ್ತಿಗೆ ಉರುಟು ಸೀಸ ನಿಲ್ಲುವುದೇ ಇಲ್ಲ. ಮರವಂತೆಯಂಥ ಬಂಡೆ ಸುರಿದ ಕಡೆ ತಂತಿ ಸೀಸ ಹಾಕಿದರೆ ವಾಪಸ್ ಬರುವುದಿಲ್ಲ. ಎಲ್ಲಿಗೆ ಹೋಗುತ್ತೀರಿ ಎಂದು ಮೊದಲು ತೀರ್ಮಾನಿಸಿ, ಅಲ್ಲಿಗೆ ಬೇಕಾದದ್ದನ್ನು ಮಾತ್ರ ಒಯ್ಯಿರಿ.

ಗಾಳವೂ ಹಾಗೆಯೇ. ಕಾಣೆ (ಲೇಡಿ ಫಿಶ್) ಮೀನಿನ ಬಾಯಿ ಚಿಕ್ಕದು. 6 ಅಥವಾ 8ನೇ ನಂಬರಿನ ಸಣ್ಣ ಗಾಳ, ಉಗುರಿನಷ್ಟು ಸಿಗಡಿ ತುಂಡು ಸಾಕು. ಅದು ದಡದ ತೀರಾ ಹತ್ತಿರವೇ ಮೇಯುವ ಮೀನು, ಬಲ ಹಾಕಿ ದೂರ ಎಸೆದರೆ ಅದರ ತಲೆ ಮೇಲಿಂದ ಎಸೆದಂತೆ. ದೊಡ್ಡ ಮೀನಿಗೆ 1/0, 2/0 ನಂಬರಿನ ದೊಡ್ಡ ಗಾಳ. ಎರೆಗೆ ಸಿಗಡಿ, ಬೊಂಡಾಸ್ (ಸ್ಕ್ವಿಡ್), ಬೂತಾಯಿ (ಮತ್ತಿ ಮೀನು) ತುಂಡು. ಸಿಗಡಿಯ ಸಿಪ್ಪೆ ಸುಲಿದು ರಾತ್ರಿಯೇ ಕಲ್ಲುಪ್ಪು ಹಾಕಿಡಿ. ನೀರು ಬಿಟ್ಟು ಗಟ್ಟಿಯಾಗುತ್ತದೆ, ಬೀಸುವಾಗ ಗಾಳದಿಂದ ಕಳಚುವುದಿಲ್ಲ, ಐಸ್ ಹೊರುವ ಕೆಲಸವೂ ತಪ್ಪುತ್ತದೆ.

ರಾಡ್ ನಿಲ್ಲಿಸಲು ಅಂಗಡಿಯ ಸ್ಟ್ಯಾಂಡ್ ಬೇಡ. ನಾಲ್ಕು ಅಡಿ ಪಿವಿಸಿ ಪೈಪಿನ ಒಂದು ತುದಿಯನ್ನು ಓರೆಯಾಗಿ ಕೊಯ್ದು ಮರಳಿಗೆ ಚುಚ್ಚಿ. ರಾಡ್ ನೆಲಕ್ಕೆ ಇಟ್ಟರೆ ರೀಲಿನೊಳಗೆ ಮರಳು ಹೋಯಿತು ಅಂತಲೇ ಲೆಕ್ಕ.

ಹೆಚ್ಚಿನವರು ಬಿಟ್ಟು ಬರುವ, ನಾನು ಮಾತ್ರ ಯಾವತ್ತೂ ಬಿಡದ ಮೂರು ವಸ್ತುಗಳಿವೆ. ಉದ್ದ ಮೂತಿಯ ಇಕ್ಕಳ, ತಲೆಗೆ ಕಟ್ಟುವ ಲೈಟ್, ಮತ್ತು ಫ್ಲಾಸ್ಕ್‌ನಲ್ಲಿ ಬಿಸಿ ನೀರು. ಫ್ಲಾಸ್ಕ್ ಕಾಫಿಗಲ್ಲ. ತೇಡೆ (ಕ್ಯಾಟ್‌ಫಿಶ್) ಮೀನಿನ ಬೆನ್ನಿನ ಮುಳ್ಳಿಗೂ, ತೊರಕೆಯ (ಸ್ಟಿಂಗ್ ರೇ) ಬಾಲದ ಮುಳ್ಳಿಗೂ ವಿಷವಿದೆ. ಚುಚ್ಚಿದರೆ ಉರಿ ತಡೆಯಲಾಗುವುದಿಲ್ಲ. ಚರ್ಮ ಸುಡದಷ್ಟು, ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ ಆ ಭಾಗವನ್ನು ಅದ್ದಿಟ್ಟರೆ ನೋವು ಇಳಿಯುತ್ತದೆ. ಆಮೇಲೆ ಆಸ್ಪತ್ರೆಗೆ ಹೋಗಲೇಬೇಕು, ಮುರಿದ ಮುಳ್ಳು ಒಳಗೆ ಉಳಿದಿರಬಹುದು. ತೇಡೆಯ ಬಾಯಿಂದ ಗಾಳ ಬಿಡಿಸಲು ಕೈ ಹಾಕಬೇಡಿ, ಇಕ್ಕಳ ಇರುವುದು ಅದಕ್ಕೇ. ನೀರಿನಲ್ಲಿ ನಡೆಯುವಾಗ ಹೆಜ್ಜೆ ಎತ್ತದೆ ಕಾಲು ಎಳೆಯುತ್ತಾ ಹೋಗಿ. ಮರಳಲ್ಲಿ ಮಲಗಿದ ತೊರಕೆ ಸದ್ದಿಗೆ ತಾನೇ ಜಾಗ ಖಾಲಿ ಮಾಡುತ್ತದೆ.

ಬಲೆ ಬೇಡ. ದೊಡ್ಡ ಮೀನು ಬಿದ್ದಾಗ ಅಲೆ ಬರುವುದನ್ನು ಕಾದು, ಅದರ ಜೊತೆಗೇ ಎಳೆದರೆ ಮರಳಿನ ಮೇಲೆ ಬಂದು ಮಲಗುತ್ತದೆ.

ಬಕೆಟ್‌ನಲ್ಲಿ ಮುಚ್ಚಳವಿರುವ ಖಾಲಿ ಬಾಟಲಿ ಒಂದಿರಲಿ. ಗಂಟು ಬಿದ್ದ, ಕಡಿದ ದಾರವನ್ನೆಲ್ಲ ಚೂರು ಮಾಡಿ ಅದಕ್ಕೆ ಹಾಕಿ ಮನೆಗೆ ತನ್ನಿ. ಚಳಿಗಾಲದಲ್ಲಿ ನಮ್ಮ ಕರಾವಳಿಗೆ ಆಲಿವ್ ರಿಡ್ಲೆ ಆಮೆಗಳು ಮೊಟ್ಟೆ ಇಡಲು ಬರುತ್ತವೆ, ನೈಲಾನ್ ಅವುಗಳ ಕಾಲಿಗೆ ಸುತ್ತಿಕೊಳ್ಳುತ್ತದೆ. ರಾತ್ರಿ ಆಮೆ ಕಂಡರೆ ತಲೆಯ ಲೈಟ್ ಆರಿಸಿ, ದಾರ ಸುತ್ತಿಕೊಂಡು ದೂರ ಸರಿದು ಬೇರೆ ಗುಂಡಿ ನೋಡಿ. ಕೈಯಲ್ಲಿರುವುದು ಒಂದು ರಾಡ್, ಒಂದು ಬಕೆಟ್ ಆದರೆ ಅದಕ್ಕೆ ಎರಡು ನಿಮಿಷವೂ ಬೇಡ.