ಮನೆಯ ಸಮಸ್ಯೆಗೆ ಹೆಸರಿಡೋದು ಯಾರು?

ನನ್ನ ಬಳಿ ಕುಟುಂಬ ಸಮಾಲೋಚನೆಗೆ ಬಂದವರಲ್ಲಿ ಮೊದಲು ಬಾಯಿ ತೆರೆಯೋದು ಯಾರು ಅಂತ ಊಹಿಸೋದು ಕಷ್ಟವಲ್ಲ. ಫೀಸು ಕೊಡುವವರು, ಇಲ್ಲವೇ ಹಿರಿಯರು. ಅವರು ಸಮಸ್ಯೆಗೆ ಒಂದು ಹೆಸರಿಟ್ಟುಬಿಡುತ್ತಾರೆ. ಉಳಿದವರಿಗೆ ಅದಕ್ಕೆ ಹೂಂ ಅನ್ನೋದು, ಊಹೂಂ ಅನ್ನೋದು ಎರಡೇ ದಾರಿ.

ಒಂದು ಮನೆಯವರನ್ನೇ ನೋಡಿ (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಪಿಯುಸಿ ಫೇಲಾದ ಹುಡುಗ. "ಸೋಮಾರಿ ಮೇಡಂ, ಬರೀ ಮೊಬೈಲು" ಅಂದರು ಅಪ್ಪ. "ಇವರು ಹೇಳಿದ್ದೇ" ಅಂದರು ಅಮ್ಮ. ಹುಡುಗ ತಲೆ ಎತ್ತಲಿಲ್ಲ. ನಾನು ತಂಗಿಯನ್ನು ಕೇಳಿದೆ: "ಅಪ್ಪ ಅಣ್ಣಂಗೆ ಬೈಯುವಾಗ ಅಮ್ಮ ಏನ್ಮಾಡ್ತಾರೆ ಪುಟ್ಟಿ?"

"ಟಿವಿ ಸೌಂಡ್ ಜಾಸ್ತಿ ಮಾಡ್ತಾರೆ. ಆಮೇಲೆ ಅಣ್ಣನ ರೂಮಿಗೇ ಊಟ ಕೊಟ್ಟು ಬರ್ತಾರೆ."

"ಆಗ ಅಪ್ಪ?"

"ಇನ್ನೂ ಜೋರಾಗಿ ಬೈತಾರೆ. ಟಿವಿ ಕೂಗ್ತಿರುತ್ತಲ್ಲ!"

ಅಪ್ಪನಿಗೇ ನಗು ಬಂತು. ಬರೀ ಹುಡುಗನ ತಲೆಗೆ ಕಟ್ಟಿದ್ದ ವಿಷಯ ಮನೆಯವರೆಲ್ಲರದ್ದೂ ಆಯಿತು.

ಇಬ್ಬರ ನಡುವೆ ಏನಾಗುತ್ತೆ ಅಂತ ಮೂರನೆಯವರನ್ನು ಕೇಳುವ ಈ ರೀತಿ ಇಟಲಿಯ ಮಿಲಾನ್ ನಗರದ ಕುಟುಂಬ ಚಿಕಿತ್ಸಕರ ತಂಡವೊಂದರದ್ದು. ಮಾರಾ ಸೆಲ್ವಿನಿ ಪಲಾಟ್ಸೋಲಿ ಮತ್ತು ಜೊತೆಗಾರರು 1980ರಲ್ಲಿ ಇದನ್ನು ಬರೆದಿಟ್ಟರು. ಯಾರ ಪಕ್ಷವನ್ನೂ ವಹಿಸಬೇಡಿ ಅಂತಲೂ ಅಂದರು. ಈ ಎರಡನೆಯದು ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತಕ್ಕಡಿ ಮೊದಲೇ ಒಂದು ಕಡೆ ವಾಲಿರುವಾಗ ಸುಮ್ನೆ ನಡುವೆ ಕೂತರೆ ಅದು ವಾಲಿಕೊಂಡೇ ಇರುತ್ತೆ, ಅಲ್ವಾ? ಗಂಡು ಹೆಣ್ಣಿನ ನಡುವಿನ ಅಸಮಾನತೆಯನ್ನು ಕುಟುಂಬ ಚಿಕಿತ್ಸೆ ಗಮನಿಸಬೇಕು ಅಂತ ಅಮೆರಿಕದ ಮನಶ್ಶಾಸ್ತ್ರಜ್ಞೆ ರೇಚಲ್ ಹೇರ್-ಮಸ್ಟಿನ್ 1978ರಲ್ಲೇ ಬರೆದಿದ್ದರು.

ನನ್ನ ಕೈಯಲ್ಲೂ ಅಧಿಕಾರ ಇದೆ. ಫೈಲು ಬರೆಯೋದು ನಾನೇ. ಅದಕ್ಕೇ ಬರೆದದ್ದನ್ನು ಅವರೆದುರೇ ಓದುತ್ತೇನೆ. 'ತಾಯಿ ಮಗನ ಪರ ವಹಿಸಿ ರೂಮಿಗೆ ಊಟ ಕೊಡುತ್ತಾರೆ' ಅಂತ ಓದಿದಾಗ ಅಮ್ಮ ತಡೆದರು. "ಪರ ಗಿರ ಏನಿಲ್ಲ ಮೇಡಂ. ಹಸ್ಕೊಂಡು ಮಲಗಬಾರದು ಅಂತ, ಹಾಗೆ ಬರೀರಿ." ಗಂಡನ ಮಾತಿಗೆ ಬಾಲ ಸೇರಿಸದೆ ಅವರು ಆಡಿದ ಮೊದಲ ಮಾತು ಅದು. ಹಾಗೇ ಬರೆದೆ.

ಮನೆಯಲ್ಲಿ ಹೊಡೆತ ಇದೆ ಅನ್ನೋ ಅನುಮಾನ ಬಂದರೆ ಮಾತ್ರ ಎಲ್ಲರೆದುರು ಇಂಥ ಪ್ರಶ್ನೆ ಕೇಳುವುದಿಲ್ಲ. ಇಲ್ಲಿ ಕೊಟ್ಟ ಉತ್ತರಕ್ಕೆ ಮನೆಯಲ್ಲಿ ಏಟು ಬೀಳಬಹುದು. ಒಬ್ಬೊಬ್ಬರನ್ನೇ ಬೇರೆ ಕೂರಿಸಿಕೊಳ್ಳುತ್ತೇನೆ. ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098. ಎರಡನ್ನೂ ಬಾಯಲ್ಲೇ ಹೇಳುತ್ತೇನೆ. ಚೀಟಿ ಕೊಟ್ಟರೆ ಪರ್ಸು ತಡಕುವವರ ಕೈಗೆ ಸಿಗುತ್ತೆ.